ಒಂದು ಚಿಟಿಕೆ, ಒಂದು ಲೋಡು

"ಮರಳು ಸಾಗಿಸೋದು ನಿಮ್ಮ ಮನೆತನದ ಕಸುಬು ಬಿಡಿ. ನಿಮ್ಮಪ್ಪ ಲಾರೀಲಿ, ನೀವು ಮಾತ್ರೆ ಡಬ್ಬೀಲಿ" ಅಂದಳು ಹೆಂಡತಿ.

ಕಾಪು ಬೀಚಿಗೆ ಹೋಗಿ ಬಂದು ಬ್ಯಾಗು ಖಾಲಿ ಮಾಡ್ತಿದ್ವಿ. ಬಟ್ಟೆಗಳ ಮಧ್ಯೆ ಮೂರು ಡಬ್ಬಿ, ಒಂದೊಂದರಲ್ಲೂ ಎರಡು ಚಮಚ ಮರಳು. ಅವಳು ತಮಾಷೆಗೆ ಅಂದಿದ್ದು, ನಾನೂ ನಕ್ಕೆ. ಆದರೆ ಆ ಮಾತು ಚಪ್ಪಲಿಯೊಳಗೆ ಸೇರಿದ ಮರಳಿನ ಹಾಗೆ ಇನ್ನೂ ಒತ್ತುತ್ತಲೇ ಇದೆ.

ಮೊದಲು ಈ ಹುಚ್ಚಿನ ಬಗ್ಗೆ ಹೇಳಿಬಿಡ್ತೀನಿ. ಬಸವನಗುಡಿಯಲ್ಲಿರೋ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪ್ ಇದೆ. ಸಮುದ್ರದ ಮರಳನ್ನು ತೊಳೆದು, ಒಣಗಿಸಿ, ಕಪ್ಪು ಕಾಗದದ ಮೇಲೆ ಉದುರಿಸಿ, ಪಕ್ಕದಿಂದ ಬೆಳಕು ಬಿಟ್ಟು ನೋಡಬೇಕು. ಕಲ್ಲಿನ ಕಣಗಳ ನಡುವೆ ಬಿಳೀ ಸುರುಳಿಗಳು ಕಾಣ್ತವೆ, ಬಸವನಹುಳುವನ್ನು ಸಾಸಿವೆಗಿಂತ ಚಿಕ್ಕದಾಗಿ ಕಡೆದು ಇಟ್ಟ ಹಾಗೆ. ಇವು ಫೊರಾಮಿನಿಫೆರಾಗಳ ಚಿಪ್ಪು. ಒಂದೇ ಒಂದು ಜೀವಕೋಶದ ಜೀವಿ, ತಾನೇ ಸುಣ್ಣದ ಕೋಣೆ ಕಟ್ಟಿಕೊಳ್ಳುತ್ತೆ. ಬೆಳೆದಂತೆ ಪಕ್ಕದಲ್ಲಿ ಇನ್ನೊಂದು ಕೋಣೆ, ಮತ್ತೊಂದು. ಒದ್ದೆ ಮಾಡಿದ ಸಣ್ಣ ಪೇಂಟಿಂಗ್ ಬ್ರಷ್ಷಿನ ತುದಿಯಲ್ಲಿ ಒಂದೊಂದನ್ನೇ ಎತ್ತಿ ಬೇರೆ ಇಡಬೇಕು. ಒಂದು ಫೋಟೋದಲ್ಲಿ ಇಡೀ ಚಿಪ್ಪು ಫೋಕಸ್‌ಗೆ ಬರೋದಿಲ್ಲ. ಫೋಕಸ್ ಕೂದಲೆಳೆಯಷ್ಟು ಸರಿಸುತ್ತಾ ಮೂವತ್ತು ನಲವತ್ತು ತೆಗೆದು, ಕಂಪ್ಯೂಟರಿನಲ್ಲಿ ಸೇರಿಸಿದರೆ ಒಂದು ಚಿತ್ರ. ಕೆಳಗೆ ಬಸ್ಸು ಹಾರ್ನ್ ಮಾಡಿಕೊಂಡು ಹೋದರೆ ಮೇಜು ನಡುಗಿ, ಮತ್ತೆ ಮೊದಲಿಂದ.

ಇವಕ್ಕೆ 1826ರಲ್ಲಿ ಹೆಸರಿಟ್ಟವನು ಫ್ರಾನ್ಸಿನ ಅಲ್ಸೀದ್ ದೋರ್ಬಿನ್ಯಿ. ಆಕ್ಟೋಪಸ್ ಜಾತಿಯ ಪುಟಾಣಿ ಪ್ರಾಣಿಗಳು ಅಂತ ಅವನು ತಪ್ಪು ತಿಳಿದಿದ್ದ. ಇದೇ ಬಳಗದ ದೊಡ್ಡ ಸದಸ್ಯರು, ನಾಣ್ಯದಷ್ಟಗಲದ ನಮ್ಯುಲೈಟ್‌ಗಳು, ಗೀಜಾ ಪಿರಮಿಡ್ಡಿನ ಸುಣ್ಣದಕಲ್ಲಿನಲ್ಲಿ ತುಂಬಿಹೋಗಿವೆ. ಕೂಲಿಯವರು ತಿಂದು ಬಿಟ್ಟ ಬೇಳೆ ಕಲ್ಲಾಗಿದೆ ಅಂತ ಅಲ್ಲಿನ ಜನ ಹೇಳ್ತಾರೆ ಎಂದು ಗ್ರೀಕ್ ಪ್ರವಾಸಿ ಸ್ಟ್ರಾಬೋ ಎರಡು ಸಾವಿರ ವರ್ಷದ ಹಿಂದೆ ಬರೆದಿಟ್ಟಿದ್ದಾನೆ. ನಮ್ಮ ಬೆಂಗಳೂರಿನಲ್ಲಿ ಮಾತ್ರ ಇಂಥದ್ದು ಹುಡುಕಿ ಪ್ರಯೋಜನವಿಲ್ಲ. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ, ಆಗ ಚಿಪ್ಪು ಕಟ್ಟೋ ಜೀವವೇ ಇರಲಿಲ್ಲ. ಹಾಗಾಗಿ ಮರಳು ಬೇರೆ ಊರಿಂದಲೇ ಬರಬೇಕು.

ಬೆಂಗಳೂರಿಗೆ ಮರಳು ಬೇರೆ ಊರಿಂದಲೇ ಬರಬೇಕು. ಈ ವಾಕ್ಯ ನಾನು ಚಿಕ್ಕವನಿದ್ದಾಗಿಂದ ಕೇಳಿದ್ದು. ನಮ್ಮೂರು ಗೌರಿಬಿದನೂರು ಕಡೆ, ಉತ್ತರ ಪಿನಾಕಿನಿ ದಂಡೆ. ಹೊಳೆ ಅಂದರೆ ನೀರಿಗಿಂತ ಹೆಚ್ಚಾಗಿ ಮರಳು. ಬೇಸಿಗೆಯಲ್ಲಿ ಮೊಣಕೈವರೆಗೆ ತೋಡಿದರೆ ಒರತೆ ಜಿನುಗೋದು; ತೆಂಗಿನ ಚಿಪ್ಪಲ್ಲಿ ಮೊಗೆದು ಕುಡಿದಿದ್ದೀನಿ. ನಮ್ಮ ಹೊಲ ಹೊಳೆಗೆ ಅಂಟಿಕೊಂಡೇ ಇದೆ. ನಾನು ಬಿ.ಇ. ಎರಡನೇ ವರ್ಷದಲ್ಲಿದ್ದಾಗ ಲಾರಿಯವರು ಬಂದು ದಾರಿ ಕೇಳಿದರು, ಲೋಡಿಗೆ ಇಷ್ಟು ಅಂತ. ಅಪ್ಪ ಬದು ಕಡಿದು ದಾರಿ ಬಿಟ್ಟ. ಆ ವರ್ಷದ ಫೀಸು, ಮುಂದಿನ ವರ್ಷದ ಫೀಸು, ನನ್ನ ಮೊದಲ ಲ್ಯಾಪ್‌ಟಾಪು. ನಾನು ಕೆಲಸಕ್ಕೆ ಸೇರೋ ಹೊತ್ತಿಗೆ ಹೊಳೆಯಲ್ಲಿ ಕೆಳಗಿನ ಜೇಡಿ ಕಾಣ್ತಿತ್ತು, ಬಾವಿ ಒಣಗಿತ್ತು. "ನಾನು ಬಿಡದಿದ್ರೆ ಪಕ್ಕದ ಹೊಲದೋರು ಬಿಡ್ತಿದ್ರು ಕಣೋ. ಒಂದು ಲೋಡಿಂದ ಹೊಳೆ ಒಣಗ್ತದಾ?" ಅಪ್ಪ ಒಂದೇ ಸಲ ಅಂದಿದ್ದು. ನಾನು ಉತ್ತರ ಕೊಡಲಿಲ್ಲ. ಫೀಸು ಕಟ್ಟಿಸಿಕೊಂಡವನು ಏನು ಕೊಡೋದು?

ಅಪ್ಪನ ಪ್ರಶ್ನೆ ಬಹಳ ಹಳೇದು ಅಂತ ಆಮೇಲೆ ಗೊತ್ತಾಯ್ತು. ಕ್ರಿ.ಪೂ. ನಾಲ್ಕನೇ ಶತಮಾನದ ಯೂಬುಲಿಡಿಸ್ ಎಂಬ ಗ್ರೀಕನ ಹೆಸರಿನಲ್ಲಿ ಒಂದು ಒಗಟು ಇದೆ. ಮರಳಿನ ರಾಶಿಯಿಂದ ಒಂದು ಕಾಳು ತೆಗೆದರೆ ಅದು ರಾಶಿಯಾಗೇ ಉಳಿಯುತ್ತೆ. ಇನ್ನೊಂದು ತೆಗೆದರೂ ಅಷ್ಟೇ. ಹಾಗಾದರೆ ಯಾವ ಕಾಳಿಗೆ ರಾಶಿ ರಾಶಿಯಲ್ಲ? ನನ್ನ ಕೆಲಸದಲ್ಲಾದರೆ ಸುಲಭ: ಥ್ರೆಶೋಲ್ಡ್ ಅಂತ ಒಂದು ನಂಬರ್ ಬರೆದುಬಿಡ್ತೀವಿ, ಅದು ದಾಟಿದರೆ ಅಲರ್ಟ್ ಬರುತ್ತೆ. ಆ ನಂಬರ್ ಯಾಕೆ ಅಷ್ಟೇ ಅಂತ ಕೇಳಿದರೆ ನಿಜ ಹೇಳಬೇಕಂದ್ರೆ ಯಾರಿಗೂ ಗೊತ್ತಿರಲ್ಲ.

ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಬೀಚಿನ ಮರಳು ತೆಗೆದರೆ 3000 ಯೂರೋವರೆಗೆ ದಂಡ. 2019ರಲ್ಲಿ ಫ್ರಾನ್ಸಿನ ಗಂಡಹೆಂಡತಿ ಸುಮಾರು 40 ಕೆಜಿ ಮರಳು ಕಾರಿನಲ್ಲಿ ತುಂಬಿಕೊಂಡು ಸಿಕ್ಕಿಬಿದ್ದರು. ಓದಿದಾಗ "ನಲವತ್ತು ಕೆಜಿನಾ!" ಅಂತ ನಕ್ಕಿದ್ದೆ, ನನ್ನದು ಆರು ಚಮಚ ಅಂತ. ಆಮೇಲೆ ಆಫೀಸಿನಲ್ಲಿ ನನ್ನ ಫೋಟೋ ನೋಡಿದ ಏಳು ಜನ ಗೋಕರ್ಣಕ್ಕೆ ಹೋದಾಗ ತಾವೂ ತರ್ತೀವಿ ಅಂದರು. ನಗು ಸ್ವಲ್ಪ ಕಮ್ಮಿಯಾಯ್ತು.

ನನಗನ್ನಿಸೋದು, ಎಷ್ಟು ತೆಗೆದೆ ಅನ್ನೋ ಒಂದನ್ನೇ ಕೇಳ್ತಾ ಕೂತರೆ ನಾವೆಲ್ಲ ಬಚಾವ್. ಯಾವ ಲೋಡೂ ಕೊನೇ ಲೋಡಲ್ಲ, ಯಾವ ಅಪ್ಪನೂ ಹೊಳೆ ಕೊಂದವನಲ್ಲ. ಕೇಳಬೇಕಾದ್ದು, ಆ ಜಾಗ ಅದನ್ನು ಮತ್ತೆ ಮಾಡಿಕೊಳ್ಳುತ್ತಾ ಅಂತ. ನನ್ನ ಆರು ಚಮಚವನ್ನು ಕಾಪುವಿನ ಅಲೆ ನಾನು ಕಾರು ಹತ್ತೋ ಮೊದಲೇ ತುಂಬಿಕೊಂಡಿರುತ್ತೆ. ನಮ್ಮ ಪಿನಾಕಿನಿಗೆ ಮರಳು ಬರೋದು ಪ್ರವಾಹ ಬಂದಾಗ ಮಾತ್ರ, ಅದು ಎಷ್ಟೋ ವರ್ಷಕ್ಕೊಮ್ಮೆ. ಆ ಹೊಳೆಗೆ ಒಂದು ಲೋಡೂ ಸಾಲವೇ. ಇದು ಅಪ್ಪನಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ನನಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನನಗೆ ಅವನನ್ನು ಅಮಾಯಕ ಅಂತಲೂ ಅನ್ನೋಕೆ ಬರಲ್ಲ, ತಪ್ಪಿತಸ್ಥ ಅಂತಲೂ ಅನ್ನೋಕೆ ಬಾಯಿ ಬರಲ್ಲ. ಆ ಸಾಲ ಇರೋದು ನನ್ನ ಡಿಗ್ರಿ ಹೆಸರಲ್ಲಿ.

ಇನ್ನೊಂದು ವ್ಯತ್ಯಾಸ ಲೇಬಲ್. ನನ್ನ ಪ್ರತಿ ಡಬ್ಬಿ ಮೇಲೆ ಜಾಗ, ತಾರೀಕು, ಅಲೆಯಿಂದ ಎಷ್ಟು ದೂರ ಅಂತ ಬರೆದಿರುತ್ತೆ. ಅದಿಲ್ಲದೆ ಮರಳು ಬರೀ ಮರಳು. ಈ ಊರಿನ ಗೋಡೆಗಳಲ್ಲಿರೋ ಮರಳಿಗೆ ಲೇಬಲ್ ಇಲ್ಲ.

ಹೋದ ತಿಂಗಳು ಎದುರಿನ ಹಳೇ ಮನೆ ಕೆಡವಿದರು. 1898ರ ಪ್ಲೇಗಿನ ನಂತರ ಬೆಳೆದ ಬೀದಿ ಇದು. ಆ ಮನೆಗೆ ಗಾರೆ ಗೋಡೆ. ಒಂದು ಹೆಂಟೆ ಗಾರೆ ತಂದು ವಿನೆಗರ್‌ನಲ್ಲಿ ನೆನೆಹಾಕಿದೆ. ಸುಣ್ಣ ನೊರೆಯೆದ್ದು ಕರಗಿತು; ದಿನಾ ವಿನೆಗರ್ ಬದಲಿಸಿ ನಾಲ್ಕು ದಿನಕ್ಕೆ ತಳದಲ್ಲಿ ಮರಳು ಉಳಿಯಿತು. ಗಾಜಿನಂಥ ಕಣ, ಗುಲಾಬಿ ಕಣ, ಅಲ್ಲೊಂದು ಇಲ್ಲೊಂದು ಕಾಗೆಬಂಗಾರ. ಡಬ್ಬಿ ಮೇಲೆ "ಹೊಳೆ: ಗೊತ್ತಿಲ್ಲ" ಅಂತ ಬರೆದೆ.

ಅಪ್ಪ ಕಣ್ಣು ತೋರಿಸೋಕೆ ಬಂದಿದ್ದ. ಕಾಪುವಿನ ಸುರುಳಿಗಳನ್ನು ತೋರಿಸಿದೆ. "ಚೆನ್ನಾಗದೆ" ಅಂದ, ಅಷ್ಟೇ. ಆಮೇಲೆ ಗಾರೆಯ ಮರಳಿನ ಡಬ್ಬಿಯನ್ನು ತಾನೇ ತೆರೆದು, ಮೈಕ್ರೋಸ್ಕೋಪಿನ ಕಡೆ ತಿರುಗಿಯೂ ನೋಡದೆ, ಬೆರಳಲ್ಲಿ ತಿಕ್ಕಿ ಕಿವಿ ಹತ್ತಿರ ಹಿಡಿದ.

"ಒಳ್ಳೇ ಹೊಳೆ ಮರಳು. ಫಿಲ್ಟರ್ ಅಲ್ಲ." ಸ್ವಲ್ಪ ಹೊತ್ತು ಬಿಟ್ಟು, "ನಮ್ದೂ ಇರಬೌದು ಕಣೋ" ಅಂದ.

ಆ ಮನೆ ಕಟ್ಟಿದಾಗ ಅವನಿನ್ನೂ ಹುಟ್ಟಿರಲಿಲ್ಲ, ಲಾರಿಗಳೂ ಬಂದಿರಲಿಲ್ಲ. ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವನು ಬೆರಳಿಗೆ ಅಂಟಿದ್ದ ಕಾಳುಗಳನ್ನು ಒಂದೂ ಬಿಡದೆ ಡಬ್ಬಿಗೆ ಕೊಡವಿ, ಮುಚ್ಚಳ ಹಾಕ್ತಿದ್ದ.