ಉಸಿರು ಕೊಡುವ ಶಾಂತಿ

ಹೃದಯಕ್ಕೆ ನಿಧಾನವಾಗು ಎಂದು ಅಪ್ಪಣೆ ಮಾಡಿದರೆ ಅದು ಕೇಳದು. ಹೊಟ್ಟೆಯ ಜೀರ್ಣಕ್ರಿಯೆಯೂ ನಮ್ಮ ಮಾತಿಗೆ ಕಿವಿಗೊಡದು. ಉಸಿರು ಮಾತ್ರ ಎರಡೂ ಕಡೆಗೆ ಸೇರಿದ್ದು. ನಿದ್ರೆಯಲ್ಲಿ ನಮ್ಮ ಅರಿವಿಲ್ಲದೆ ಸಾಗುವ ಅದನ್ನೇ ಎಚ್ಚರವಾಗಿದ್ದಾಗ ನಾವು ತಡೆಯಬಲ್ಲೆವು, ನೀಳವಾಗಿಸಬಲ್ಲೆವು. ದೇಹವೆಂಬ ಮನೆಯಲ್ಲಿ ಮನಸ್ಸಿನ ಕೈಗೆ ಎಟಕುವ ಕದ ಇದು ಎಂದು ನಮ್ಮ ನಾಡಿನ ಯೋಗಿಗಳು ಬಹು ಹಿಂದೆಯೇ ಕಂಡುಕೊಂಡರು.

ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. ಉಸಿರನ್ನು ಒಳಗೆಳೆದುಕೊಂಡಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ಯೋಗದಲ್ಲಿ ಪೂರಕಕ್ಕಿಂತ ರೇಚಕವನ್ನು ದೀರ್ಘವಾಗಿಸುವ ಅಭ್ಯಾಸದಿಂದ ಮನಸ್ಸು ತಣಿಯುವುದಕ್ಕೆ ಇದೂ ಒಂದು ಕಾರಣ. (ಉಸಿರನ್ನು ಹಿಡಿದಿಡುವ ಕುಂಭಕದ ಮಾತು ಬೇರೆ. ರಕ್ತದೊತ್ತಡ, ಹೃದ್ರೋಗ ಇರುವವರು, ಗರ್ಭಿಣಿಯರು ಅದನ್ನು ತಾವಾಗಿಯೇ ಮಾಡಬಾರದು.) 2001ರಲ್ಲಿ ಇಟಲಿಯ ಸಂಶೋಧಕರು 23 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿ ಸ್ವಾರಸ್ಯದ ಸಂಗತಿಯೊಂದನ್ನು ಪ್ರಕಟಿಸಿದರು. ಲತೀನ್ ಭಾಷೆಯಲ್ಲಿ ಜಪಸರ ಹೇಳುವಾಗಲೂ ಯೋಗಪರಂಪರೆಯ ಮಂತ್ರವನ್ನು ಜಪಿಸುವಾಗಲೂ ಅವರ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು! ನಮ್ಮ ಅಜ್ಜಿಯರು ಸಂಜೆಯ ದೀಪದ ಮುಂದೆ ಮಣಿ ಎಣಿಸುತ್ತಾ ಪಡೆದ ಸಮಾಧಾನದಲ್ಲಿ ಉಸಿರಿನ ಪಾಲೂ ಇತ್ತೆಂದರೆ ಅವರ ಭಕ್ತಿಗೇನೂ ಕುಂದಿಲ್ಲ. ಒಂದೊಂದು ಉಸಿರಿಗೆ ಪ್ರಾರ್ಥನೆಯ ಒಂದೊಂದು ಪದವನ್ನು ಧ್ಯಾನಿಸುವ ಕ್ರಮವನ್ನು ಸಂತ ಇಗ್ನಾಸಿಯವರೂ ಕಲಿಸಿದ್ದರು.

2015ರಿಂದ ಪ್ರತಿವರ್ಷ ಜೂನ್ 21ರಂದು ಯೋಗದಿನ ಆಚರಣೆಯಾಗುತ್ತಿದೆ. ಮಕ್ಕಳು ಶಾಲೆಯಲ್ಲಿ ಪ್ರಾಣಾಯಾಮ ಮಾಡಿದರೆ ವಿಶ್ವಾಸಕ್ಕೆ ಧಕ್ಕೆಯಾದೀತೇ ಎಂಬ ಅಳುಕು ನಿಮ್ಮಲ್ಲಿ ಕೆಲವರಿಗೆ ಇರಬಹುದು. ಧರ್ಮಸಭೆ 1989ರ ಅಕ್ಟೋಬರ್ 15ರ ಪತ್ರದಲ್ಲಿ ಇಂಥ ಪದ್ಧತಿಗಳನ್ನು ಅವು ಕ್ರೈಸ್ತ ಮೂಲದವಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಲಿಲ್ಲ. ಆದರೆ ದೇಹಕ್ಕೆ ದೊರೆತ ಹಗುರವನ್ನು ಪವಿತ್ರಾತ್ಮರ ಸಾಂತ್ವನವೆಂದು ಭ್ರಮಿಸಬಾರದೆಂದು, ನಡತೆ ಅದಕ್ಕೆ ತಕ್ಕಂತಿರದಿದ್ದರೆ ಈ ಭ್ರಮೆ ಅಪಾಯಕಾರಿಯೆಂದು ಎಚ್ಚರಿಸಿತು. ನನಗೆ ಮುಖ್ಯವೆನಿಸುವುದು ಈ ಎಚ್ಚರಿಕೆಯೇ.

ಒಂದು ಉದಾಹರಣೆ ಊಹಿಸಿಕೊಳ್ಳಿ. ಹೆಸರಾದ ಲಿಂಬೆಯ ಊರು ನಮ್ಮ ಇಂಡಿ. ಅಲ್ಲಿ ಒಬ್ಬ ತೋಟದ ಯಜಮಾನ ಕಾಯಿ ಬಿಡಿಸಿದ ಹೆಣ್ಣಾಳುಗಳ ಕೂಲಿಯನ್ನು ಹಿಡಿದಿಟ್ಟುಕೊಂಡಿದ್ದಾನೆ. ರಾತ್ರಿ ನಿದ್ರೆ ಬರದು. ಹತ್ತು ನಿಮಿಷ ಕುಳಿತು ನಿಧಾನವಾಗಿ ಉಸಿರಾಡುತ್ತಾನೆ, ನಿದ್ರೆ ಬರುತ್ತದೆ. ಈ ನಿದ್ರೆ ಒಳ್ಳೆಯದೇ? ಅವನನ್ನು ಎಚ್ಚರವಾಗಿಟ್ಟದ್ದು ಕಾಯಿಲೆಯಲ್ಲ, ಅಂತಃಸಾಕ್ಷಿ. ಬಾಗಿಲು ಬಡಿಯುತ್ತಿದ್ದವನನ್ನು ಉಸಿರಿನ ನೆರವಿನಿಂದ ಹೊರಗಟ್ಟಿದಂತಾಯಿತು.

ಪತಂಜಲಿ ಇದನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. ಅವರು ಹೇಳಿದ ಎಂಟು ಅಂಗಗಳಲ್ಲಿ ಪ್ರಾಣಾಯಾಮ ನಾಲ್ಕನೆಯದು. ಮೊದಲನೆಯದು ಯಮ, ಅಂದರೆ ಅಹಿಂಸೆ, ಸತ್ಯ, ಕಳ್ಳತನ ಮಾಡದಿರುವುದು, ಬ್ರಹ್ಮಚರ್ಯ, ಅಪರಿಗ್ರಹ. ಇಂದಿನ ತರಗತಿಗಳು ಬಹುಮಟ್ಟಿಗೆ ಮೂರನೆಯದರಿಂದಲೇ ಆರಂಭವಾಗುತ್ತವೆ. ಮೊದಲೆರಡಕ್ಕೆ ಚಾಪೆಯ ಮೇಲೆ ಸ್ಥಳವಿಲ್ಲವಲ್ಲ! ಬಾಗೇವಾಡಿಯ ಬಸವಣ್ಣನವರೂ ಕಳವು, ಕೊಲೆ, ಹುಸಿಗಳನ್ನು ತೊರೆಯುವುದನ್ನೇ ಒಳಗಿನ ಹೊರಗಿನ ಶುದ್ಧಿಯೆಂದರು. 2023ರ ಜನವರಿ 2ರಂದು ನಿಧನರಾದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ನಮ್ಮ ಭಾಗದ ಎಲ್ಲ ಮತಗಳವರೂ ಬಲ್ಲರು. ಅವರ ಅಂಗಿಗೆ ಜೇಬಿರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು. ಅಪರಿಗ್ರಹವೆಂದರೇನೆಂದು ತಿಳಿಯಲು ಆ ಅಂಗಿಯನ್ನು ನೋಡಿದ್ದರೆ ಸಾಕಿತ್ತು.

ಹಾಗಾದರೆ ತಳಮಳವನ್ನು ಹಾಗೆಯೇ ಬಿಡಬೇಕೇ? ಅದೂ ಸರಿಯಲ್ಲ. ಪರೀಕ್ಷೆಯಲ್ಲಿ ಸೋತು ಬಂದ ಮಗನ ಮೇಲೆ ಕೈ ಎತ್ತಿದ ತಂದೆಗೆ ಮೂರು ದೀರ್ಘ ಉಸಿರುಗಳು ದೊಡ್ಡ ಉಪಕಾರ ಮಾಡಿಯಾವು. ಮಳೆ ಕೈಕೊಟ್ಟ ವರ್ಷ ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಿಂದ ಮಕ್ಕಳು ದುಡಿಯಲು ಗೋವೆಗೋ ಪುಣೆಗೋ ಗುಳೆ ಹೋದಾಗ, ಮನೆ ಕಾಯುತ್ತಾ ಉಳಿದ ಮುದುಕಿಗೂ ರಾತ್ರಿ ನಿದ್ರೆ ಬೇಕು. ಆಕೆಯ ಚಿಂತೆಗೆ ಆಕೆ ಕಾರಣಳಲ್ಲ. ಉಸಿರು ಆಕೆಯಿಂದ ಏನನ್ನೂ ಮರೆಮಾಚುವುದಿಲ್ಲ. ಆದರೆ ಕೆಲಸವನ್ನಾಗಲಿ ಕಾಳನ್ನಾಗಲಿ ಕೊಡಬಲ್ಲವರು ಅದರ ಬದಲು ಆಕೆಗೆ ಉಸಿರಾಟವನ್ನು ಕಲಿಸಿ ಹಿಂದಿರುಗಿದರೆ ಅದನ್ನು ಸೇವೆಯೆನ್ನಲು ನನಗೆ ಬಾಯಿ ಬಾರದು.

ಲಿಂಬೆ ತೋಟದ ಯಜಮಾನನೂ ಉಸಿರಾಡಲಿ, ಬೇಡವೆನ್ನುವುದಿಲ್ಲ. ಕಳವಳದಲ್ಲಿ ಲೆಕ್ಕದ ಪುಸ್ತಕ ತೆರೆಯಲು ಅವನಿಗೆ ಧೈರ್ಯವಿರಲಿಲ್ಲ. ಈಗ ಎದೆ ಶಾಂತವಾಗಿದೆ, ಕೈ ನಡುಗುತ್ತಿಲ್ಲ. ಯಾರಿಗೆ ಎಷ್ಟು ದಿನದ ಕೂಲಿ ಬಾಕಿಯೆಂದು ಮಲಗುವ ಮೊದಲೇ ಬರೆದಿಟ್ಟರೆ, ಬೆಳಿಗ್ಗೆ ಅವರು ತೋಟಕ್ಕೆ ಬರುವ ಹೊತ್ತಿಗೆ ಹಣ ಎಣಿಸಿಡಬಹುದು.