ಸೇವೆಯೂ ಮತವೂ

ಭೂಕಂಪ, ಕ್ಷಾಮ, ಪ್ರವಾಹ ಮೊದಲಾದ ಉತ್ಪಾತಗಳು ಒದಗಿದಾಗ ಕ್ರೈಸ್ತ ಸಂಘಗಳ ಸ್ವಯಂಸೇವಕರು ಕಡಲನ್ನು ದಾಟಿ ಹೋಗಿ, ಕಂಡರಿಯದ ಜನರ ಹಸಿವನ್ನು ಹಿಂಗಿಸಿ ಗಾಯಗಳನ್ನು ಕಟ್ಟುವುದು ಬಹುಕಾಲದಿಂದ ನಡೆದುಬಂದಿದೆ. ಇಂಥವರ ವಿಚಾರದಲ್ಲಿ ಲೋಕವು ಎರಡು ಬಗೆಯಾಗಿ ಮಾತನಾಡುವುದುಂಟು. ಮನೆಮಠಗಳನ್ನು ಬಿಟ್ಟು ಪರರ ದುಃಖಕ್ಕೆ ಓಡುವವನು ಪುಣ್ಯವಂತನೆಂಬುದು ಒಂದು ಮಾತು. ಅವನ ಒಂದು ಕೈಯಲ್ಲಿ ಅನ್ನವಿದ್ದರೆ ಮತ್ತೊಂದು ಕೈಯಲ್ಲಿ ಮತವಿದೆ, ಆದಕಾರಣ ಅವನನ್ನು ನಂಬಲಾಗದು ಎಂಬುದು ಇನ್ನೊಂದು. ಹೊಗಳುವವರೂ ಹಳಿಯುವವರೂ ಸೇವಕನ ಮುಖವನ್ನೇ ನೋಡುತ್ತಾರೆ. ಅನ್ನವನ್ನು ಉಂಡವನಿಗೆ ಅದು ಹೇಗೆ ರುಚಿಸಿತೆಂದು ವಿಚಾರಿಸುವವರು ವಿರಳ. ಈ ಪ್ರಶ್ನೆಯ ಇತ್ಯರ್ಥವಾಗಬೇಕಾದರೆ ಅಲ್ಲಿಂದಲೇ ಆರಂಭಿಸಬೇಕು.

ಐರ್ಲೆಂಡಿನ ಮಹಾಕ್ಷಾಮವನ್ನು ಮೊದಲು ನೋಡಬಹುದು. 1845ರಲ್ಲಿ ಆ ದೇಶದ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಗೆಡ್ಡೆಗಳು ಕೊಳೆತುಹೋದವು. ಬಡವರಿಗೆ ಅದೇ ಮುಖ್ಯ ಆಹಾರವಾಗಿದ್ದುದರಿಂದ 1852ರೊಳಗೆ ಸುಮಾರು 10 ಲಕ್ಷ ಜನ ಹಸಿವಿನಿಂದಲೂ ಜ್ವರಗಳಿಂದಲೂ ಮಡಿದರು. ಅದಕ್ಕೆ ಕಡಿಮೆಯಿಲ್ಲದಷ್ಟು ಜನ ದೇಶವನ್ನೇ ಬಿಟ್ಟುಹೋದರು. ಆ ಬಡವರಲ್ಲಿ ಬಹುಮಂದಿ ಕ್ಯಾಥೊಲಿಕ್ ಪಂಥದವರು. ಪ್ರಾಟೆಸ್ಟೆಂಟ್ ಪಂಥದ ಕೆಲವು ಪ್ರಚಾರಕರು ಅವರಿಗಾಗಿ ಗಂಜಿಕೇಂದ್ರಗಳನ್ನು ತೆರೆದರು. ಆದರೆ ಗಂಜಿಯ ಜೊತೆಗೆ ತಮ್ಮ ಪಂಥದ ಬೋಧನೆಯನ್ನೂ ಬಡಿಸಿದರು. ತಾಯ್ತಂದೆಗಳ ನಂಬಿಕೆಯನ್ನು ಬಿಟ್ಟು ಅಲ್ಲಿ ಉಂಡವರನ್ನು ನೆರೆಯವರು 'ಸೂಪು ಕುಡಿದವರು' ಎಂದು ಜರೆದರು. ಇಂಥ ಪ್ರಸಂಗಗಳು ಜನರು ಹೇಳುವಷ್ಟು ಹೆಚ್ಚಾಗಿರಲಿಲ್ಲವೆಂದು ಚರಿತ್ರಕಾರರು ಹೇಳುತ್ತಾರೆ. ಆದರೂ ಆ ಬೈಗುಳವು ತಲೆಮಾರುಗಳವರೆಗೆ ಉಳಿಯಿತು. ಹಸಿದ ಮಗುವಿನ ಬಾಯಿಗೆ ಗಂಜಿಯನ್ನು ಹಾಕಿದ ತಾಯಿ ಊರಿನವರ ಕಣ್ಣಿಗೆ ದ್ರೋಹಿಯಾದಳು. ಮಗು ಬದುಕಿತು; ಮನೆತನದ ಮಾನ ಹೋಯಿತು. ಪ್ರಾಣವನ್ನು ಉಳಿಸಿದವರೇ ಈ ಎರಡನೆಯ ನಷ್ಟಕ್ಕೆ ಕಾರಣರಾದರು.

ಅದೇ ಕ್ಷಾಮದಲ್ಲಿ ಕ್ವೇಕರರೆಂಬ ಮತ್ತೊಂದು ಸಣ್ಣ ಕ್ರೈಸ್ತ ಪಂಗಡದವರೂ ದುಡಿದರು. 1846ರ ನವೆಂಬರಿನಲ್ಲಿ ಅವರು ಡಬ್ಲಿನ್ ನಗರದಲ್ಲಿ ಒಂದು ಪರಿಹಾರ ಸಮಿತಿಯನ್ನು ಕಟ್ಟಿದರು. ಇಂಗ್ಲೆಂಡಿನಿಂದ ವಿಲಿಯಂ ಫಾರ್ಸ್ಟರ್ ಎಂಬ ವೃದ್ಧರು ಚಳಿಗಾಲದಲ್ಲಿಯೇ ಕಡಲನ್ನು ದಾಟಿಬಂದು ಹಳ್ಳಿಹಳ್ಳಿಗಳನ್ನು ಸುತ್ತಿ ಜನರ ಸ್ಥಿತಿಯನ್ನು ಕಣ್ಣಾರೆ ಕಂಡರು. ಕ್ವೇಕರರು ಗಂಜಿ ಕಾಯಿಸುವ ದೊಡ್ಡ ಹಂಡೆಗಳನ್ನು ಒದಗಿಸಿದರು, ಬಟ್ಟೆಬರೆಗಳನ್ನು ಹಂಚಿದರು, ಮರುವರ್ಷದ ಬೆಳೆಗೆ ಬೀಜವನ್ನು ಕೊಟ್ಟರು, ಒತ್ತೆಯಿಟ್ಟಿದ್ದ ಬಲೆಗಳನ್ನು ಬಿಡಿಸಿಕೊಳ್ಳಲು ಬೆಸ್ತರಿಗೆ ಸಾಲ ಕೊಟ್ಟರು. ಸಾಲಿನಲ್ಲಿ ಬಂದು ನಿಂತವನ ಪಂಥವನ್ನು ಮಾತ್ರ ಕೇಳಲಿಲ್ಲ. ಅವರಲ್ಲಿ ಕೆಲವರು ಜ್ವರಕ್ಕೆ ತುತ್ತಾದರು. ಇಂದಿಗೂ ಐರ್ಲೆಂಡಿನ ಜನ ಕ್ವೇಕರರ ಹೆಸರನ್ನು ಕೃತಜ್ಞತೆಯಿಂದ ಹೇಳುತ್ತಾರೆ. ಗಂಜಿ ಎರಡು ಕಡೆಯಲ್ಲಿಯೂ ಗಂಜಿಯೇ; ಒಂದಕ್ಕೆ ಬೆಲೆಯಿತ್ತು, ಇನ್ನೊಂದಕ್ಕೆ ಇರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಸೇವಕನಿಗೆ ಸಮುದ್ರವನ್ನು ದಾಟುವ ಧೈರ್ಯವನ್ನು ಕೊಟ್ಟದ್ದು ಅವನ ಮತವೇ. ತನಗೆ ಅಮೃತವೆಂದು ತೋರಿದ್ದನ್ನು ದುಃಖಿಗೆ ಹೇಳದಿರುವುದು ವಂಚನೆಯಲ್ಲವೆ? ಈ ಆಕ್ಷೇಪಣೆ ಅಲ್ಪವಾದದ್ದಲ್ಲ. ತನ್ನ ನಂಬಿಕೆಯನ್ನು ಮನೆಯಲ್ಲಿಯೇ ಬಿಟ್ಟು ಬರಬೇಕೆಂದು ಯಾವನನ್ನೂ ಬಲಾತ್ಕರಿಸುವುದು ನ್ಯಾಯವಲ್ಲ. ಕೇಳಿದವನಿಗೆ ಉತ್ತರ ಹೇಳುವುದು ತಪ್ಪೂ ಅಲ್ಲ. ಆದರೆ ಒಪ್ಪಿಗೆಗೆ ಬೆಲೆ ಬರುವುದು ಒಲ್ಲೆನೆನ್ನುವ ಶಕ್ತಿ ಇದ್ದಾಗ ಮಾತ್ರ. ಮೂರು ದಿನ ಉಪವಾಸವಿದ್ದವನಿಗೆ ಆ ಶಕ್ತಿ ಎಲ್ಲಿಯದು? ಅವನು ಹೂಂಗುಟ್ಟಿದರೆ ಅದು ಹೊಟ್ಟೆಯ ಮಾತೇ ಹೊರತು ಹೃದಯದ ಮಾತಲ್ಲ. ಅಂಥ ಮಾತನ್ನು ಭಕ್ತಿಯೆಂದು ಎಣಿಸುವವನು ಹಸಿದವನನ್ನು ಅವಮಾನಗೊಳಿಸುವುದಲ್ಲದೆ ತನ್ನ ದೇವರನ್ನೂ ಅಗ್ಗಕ್ಕೆ ಮಾರಿದಂತಾಗುತ್ತದೆ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದಾನವನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಪ್ರತ್ಯುಪಕಾರವನ್ನೋ ಫಲವನ್ನೋ ಬಯಸಿ ಕೊಟ್ಟದ್ದು ರಾಜಸ. ಅವಜ್ಞೆಯಿಂದ, ದೇಶಕಾಲಪಾತ್ರಗಳನ್ನು ನೋಡದೆ ಕೊಟ್ಟದ್ದು ತಾಮಸ. ಕೊಡಬೇಕಾದದ್ದೆಂದು ತಿಳಿದು, ಪ್ರತಿಫಲದ ಆಶೆಯಿಲ್ಲದೆ, ತಕ್ಕ ದೇಶಕಾಲಗಳಲ್ಲಿ ತಕ್ಕವನಿಗೆ ಕೊಟ್ಟದ್ದು ಸಾತ್ತ್ವಿಕ. ಕ್ರೈಸ್ತರ ಗ್ರಂಥವೂ ಇದಕ್ಕೆ ವಿರೋಧವಾಗಿಲ್ಲ. ಲೂಕನ ಸುವಾರ್ತೆಯಲ್ಲಿ ಬರುವ ಸಮಾರ್ಯದವನ ಕಥೆ ಪ್ರಸಿದ್ಧವಾದದ್ದು. ಕಳ್ಳರ ಹೊಡೆತಕ್ಕೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದವನನ್ನು ಪುರೋಹಿತನೂ ಲೇವಿಯನೂ ನೋಡಿ ಹಾದುಹೋದರು. ಯೆಹೂದ್ಯರು ಹೀನವಾಗಿ ಕಾಣುತ್ತಿದ್ದ ಸಮಾರ್ಯದವನು ನಿಂತು, ಗಾಯಗಳನ್ನು ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿ, ಛತ್ರಕ್ಕೆ ಒಯ್ದನು. ಮರುದಿನ ಛತ್ರದವನ ಕೈಗೆ ಎರಡು ನಾಣ್ಯಗಳನ್ನು ಕೊಟ್ಟು, ಇವನನ್ನು ನೋಡಿಕೊಳ್ಳೆಂದು ಹೇಳಿ ಹೊರಟನು. ಗಾಯಗೊಂಡವನ ಮತವನ್ನು ಅವನು ಕೇಳಿದಂತೆಯೂ ಇಲ್ಲ, ತನ್ನದನ್ನು ಬೋಧಿಸಿದಂತೆಯೂ ಇಲ್ಲ. ಭಾಗವತದ ರಂತಿದೇವನೂ ಇಂಥವನೇ. 48 ದಿನಗಳ ಉಪವಾಸದ ಕೊನೆಗೆ ದೊರೆತ ಅನ್ನವನ್ನು ಬಂದಬಂದವರಿಗೆಲ್ಲ ಹಂಚಿ, ಉಳಿದ ನೀರನ್ನೂ ಬಾಯಾರಿ ಬಂದ ಅಂತ್ಯಜನಿಗೆ ಎರೆದನು.

ಆದರೆ ಬೆಲೆಯೆಂಬುದು ಮತಾಂತರದ ರೂಪದಲ್ಲಿಯೇ ಬರಬೇಕೆಂದಿಲ್ಲ. ಸೇವಕನ ಆತ್ಮತೃಪ್ತಿಯೂ ಒಂದು ಬೆಲೆಯೇ. ಅದು ಕಣ್ಣಿಗೆ ಕಾಣದಾದುದರಿಂದ ಇನ್ನೂ ಅಪಾಯಕರವಾದದ್ದು. 2010ರ ಜನವರಿ 12ರಂದು ಹೈಟಿ ದ್ವೀಪರಾಷ್ಟ್ರದಲ್ಲಿ ಭೂಮಿ ನಡುಗಿ, ರಾಜಧಾನಿಯಾದ ಪೋರ್ಟ್-ಔ-ಪ್ರಿನ್ಸ್ ನೆಲಸಮವಾದಂತಾಯಿತು. ಲಕ್ಷಾಂತರ ಜನ ಮನೆಗಳನ್ನು ಕಳೆದುಕೊಂಡರು. ಆ ಮಾಸದ ಕೊನೆಯಲ್ಲಿ ಅಮೆರಿಕದ ಕ್ರೈಸ್ತ ಸ್ವಯಂಸೇವಕರು ಹತ್ತು ಮಂದಿ 33 ಮಕ್ಕಳನ್ನು ತಕ್ಕ ಕಾಗದಪತ್ರಗಳಿಲ್ಲದೆ ನೆರೆಯ ಡೊಮಿನಿಕನ್ ಗಣರಾಜ್ಯಕ್ಕೆ ಕರೆದೊಯ್ಯುತ್ತಿದ್ದಾಗ ಗಡಿಯಲ್ಲಿ ಸೆರೆಸಿಕ್ಕರು. ಅನಾಥರನ್ನು ಉದ್ಧರಿಸುತ್ತಿದ್ದೇವೆಂಬುದು ಅವರ ಹೇಳಿಕೆ. ವಿಚಾರಿಸಿದಾಗ ಆ ಮಕ್ಕಳಿಗೆ ಹೆತ್ತವರು ಇದ್ದಾರೆಂದು ಹೊರಪಟ್ಟಿತು. ಮಗುವಿಗೆ ವಿದ್ಯೆಯೂ ಸುಖವೂ ದೊರೆಯುವುದೆಂಬ ಆಶೆಯಿಂದ ಆ ಬಡವರು ಒಪ್ಪಿಸಿದ್ದರು. ಅಪಹರಣದ ಆರೋಪವು ಕಡೆಗೆ ನಿಲ್ಲಲಿಲ್ಲ. ಅವರ ಉದ್ದೇಶ ಕೆಟ್ಟದ್ದೆಂದು ಹೇಳಬೇಕಾಗಿಯೂ ಇಲ್ಲ. ಆದರೆ ಉದ್ಧಾರಮಾಡುವ ಆತುರದಲ್ಲಿ, ಉದ್ಧಾರವಾಗಬೇಕಾದವರಿಗೆ ತಮ್ಮದೇ ಮನೆ, ನೆರೆ, ನ್ಯಾಯಸ್ಥಾನಗಳುಂಟೆಂಬುದು ಮರೆತುಹೋಯಿತು. ಸಮಾರ್ಯದವನು ಗಾಯಾಳುವನ್ನು ತನ್ನ ಊರಿಗೆ ಹೊತ್ತುಕೊಂಡು ಹೋಗಲಿಲ್ಲ. ಆ ದಾರಿಯ ಛತ್ರದವನಿಗೆ ಒಪ್ಪಿಸಿದನೆಂಬುದು ಇಲ್ಲಿ ಸ್ಮರಣೀಯ.

ಇದಕ್ಕೆ ಪ್ರತಿಯಾಗಿ ಮತ್ತೊಂದು ಚಿತ್ರವನ್ನು ನೋಡಬಹುದು. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ, 1920ರಲ್ಲಿ, ಅಮೆರಿಕದ ಕ್ವೇಕರರು ನಿನ್ನೆಯವರೆಗೆ ಶತ್ರುದೇಶವಾಗಿದ್ದ ಜರ್ಮನಿಯ ಮಕ್ಕಳಿಗೆ ಊಟವಿಕ್ಕಲು ತೊಡಗಿದರು. 1921ರಲ್ಲಿ ಉಣ್ಣುವ ಮಕ್ಕಳ ಸಂಖ್ಯೆ ದಿನಕ್ಕೆ 10 ಲಕ್ಷದವರೆಗೆ ಏರಿತು. ಅದೇ ವರ್ಷ ರಷ್ಯದ ವೋಲ್ಗಾ ಪ್ರಾಂತದಲ್ಲಿ ಭೀಕರ ಕ್ಷಾಮವು ತಲೆದೋರಿದಾಗ ಬ್ರಿಟನ್ನಿನ ಮತ್ತು ಅಮೆರಿಕದ ಕ್ವೇಕರರು ಬುಜುಲುಕ್ ಎಂಬ ಜಿಲ್ಲೆಗೆ ಹೋದರು. ಅಲ್ಲಿಯ ಸರ್ಕಾರವು ದೇವರನ್ನೇ ಒಪ್ಪದ್ದು. ಮತಪ್ರಚಾರದ ಮಾತೇ ಇರಲಿಲ್ಲ. ವಯೊಲೆಟ್ ಟಿಲ್ಲಾರ್ಡ್ ಎಂಬ ಇಂಗ್ಲಿಷ್ ಮಹಿಳೆ, ಹಿಂದೆ ಸ್ತ್ರೀಯರ ಮತಾಧಿಕಾರಕ್ಕಾಗಿ ಸೆರೆಮನೆಯನ್ನು ಕಂಡಿದ್ದವರು, 1922ರಲ್ಲಿ ಆ ಜಿಲ್ಲೆಯಲ್ಲಿ ಟೈಫಸ್ ಜ್ವರಕ್ಕೆ ಬಲಿಯಾದರು. 1947ರಲ್ಲಿ ಕ್ವೇಕರರ ಎರಡು ಸೇವಾಸಂಸ್ಥೆಗಳಿಗೆ ನೊಬೆಲ್ ಶಾಂತಿ ಪಾರಿತೋಷಕವು ದೊರೆಯಿತು.

1994ರಲ್ಲಿ ರೆಡ್ ಕ್ರಾಸ್ ಮತ್ತು ಇತರ ಸಂಸ್ಥೆಗಳು ಸೇರಿ ವಿಪತ್ಪರಿಹಾರಕ್ಕೆ ಒಂದು ನಡವಳಿಕೆಯ ಸಂಹಿತೆಯನ್ನು ರಚಿಸಿದವು. ನೆರವನ್ನು ಯಾವ ರಾಜಕೀಯ ಅಥವಾ ಮತಪಕ್ಷದ ಏಳಿಗೆಗೂ ಬಳಸಬಾರದೆಂಬುದು ಅದರ ನಿಯಮಗಳಲ್ಲಿ ಒಂದು. ಅದನ್ನು ರೂಪಿಸಿದವರಲ್ಲಿ ಕ್ಯಾರಿಟಾಸ್ ಮೊದಲಾದ ಕ್ರೈಸ್ತ ಸಂಸ್ಥೆಗಳೂ ಇದ್ದವೆಂಬುದು ಗಮನಾರ್ಹ. ಮತವುಳ್ಳವರೇ ಮತಕ್ಕೆ ಈ ಎಲ್ಲೆಯನ್ನು ಹಾಕಿಕೊಂಡದ್ದರಿಂದ ಮತಕ್ಕೆ ಕುಂದು ಬರಲಿಲ್ಲ.

ಎಲ್ಲೆಯನ್ನರಿಯುವ ಈ ವಿವೇಕವು ಐರ್ಲೆಂಡಿನ ಕ್ವೇಕರರಲ್ಲಿ ಇನ್ನೊಂದು ವಿಧದಲ್ಲಿಯೂ ಕಂಡುಬಂದಿತು. 1849ರಲ್ಲಿ ಸರ್ಕಾರವು ಅಲ್ಪಧನವನ್ನು ಮುಂದಿಟ್ಟು ಪರಿಹಾರಕಾರ್ಯವನ್ನು ಮತ್ತೆ ನಡೆಸಿರೆಂದು ಕೇಳಿದಾಗ ಅವರು ಒಪ್ಪಲಿಲ್ಲ. ಜನರ ಪ್ರಾಣವನ್ನು ಉಳಿಸುವಷ್ಟು ಸಾಧನವಿರುವುದು ಸರ್ಕಾರಕ್ಕೆ ಮಾತ್ರ, ಆ ಕರ್ತವ್ಯವೂ ಅದರದೇ ಎಂದು ತಿಳಿಸಿದರು. ಉಪಕಾರಿಯೆಂಬ ಕೀರ್ತಿಯನ್ನು ಹಾಗೆಯೇ ಬಿಟ್ಟುಕೊಡುವುದು ಅಪರೂಪ. ತನ್ನ ಕೈಲಾಗದ್ದನ್ನು ಆಗುವುದೆಂದು ತೋರಿಸಿ, ಹೊಣೆಗಾರನು ತಪ್ಪಿಸಿಕೊಳ್ಳಲು ದಾರಿ ಮಾಡುವುದಕ್ಕಿಂತ ನಿಜವನ್ನು ಹೇಳುವುದೇ ಹಸಿದವರಿಗೆ ಹಿತವೆಂದು ಅವರು ಬಗೆದರು.

ಪರದೇಶಕ್ಕೆ ಸೇವೆಗೆಂದು ಹೊರಡುವ ತರುಣನು ಯಾವ ಮತದವನಾದರೂ ಆಗಲಿ, ಅವನು ಕೇಳಿಕೊಳ್ಳತಕ್ಕ ಪ್ರಶ್ನೆಗಳು ಕೆಲವೇ. ಅಲ್ಲಿಯವರು ಕರೆದಿದ್ದಾರೆಯೆ? ಅವರಿಗೆ ಬೇಕಾದ ಕೆಲಸವು ತನ್ನ ಕೈಗೆ ಬರುತ್ತದೆಯೆ? ತಾನು ಹಿಂದಿರುಗಿದ ಮೇಲೆ ಅದನ್ನು ನಡೆಸುವವರು ಆ ಊರಿನಲ್ಲಿದ್ದಾರೆಯೆ? ಕಡೆಯದಾಗಿ, ಉಂಡವನು ತನ್ನ ಹೆಸರನ್ನೂ ತನ್ನ ದೇವರ ಹೆಸರನ್ನೂ ಮರೆತರೆ ತನಗೆ ನೋವಾಗುವುದೆ? ಆಗುವುದಾದರೆ ಆ ಅನ್ನಕ್ಕೆ ಇನ್ನೂ ಬೆಲೆ ಹಚ್ಚಿದೆಯೆಂದು ತಿಳಿಯಬೇಕು.