ವಿದ್ಯಾನಿಷ್ಠೆ ಮತ್ತು ಮಮಕಾರ

ಒಂದು ವಿದ್ಯೆಗಾಗಿ ಆಯುಷ್ಯವನ್ನೆಲ್ಲ ಸವೆಸಿದವರನ್ನು ಲೋಕವು ಗೌರವಿಸುತ್ತದೆ. ಆದರೆ ಆ ಗೌರವದ ಹಿಂದೆ ವಿಚಾರವಂತರು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ನಿಷ್ಠೆಯು ವಿದ್ಯೆಯ ಮೇಲಿನ ಪ್ರೀತಿಯೋ, ‘ನನ್ನದು’ ಎಂಬ ಮಮಕಾರವೋ? ಹೊರನೋಟಕ್ಕೆ ಎರಡೂ ಒಂದೇ ಬಗೆಯಾಗಿ ತೋರುತ್ತವೆ. ಎರಡರಲ್ಲಿಯೂ ಶ್ರಮವಿದೆ, ಹಟವಿದೆ, ತ್ಯಾಗವಿದೆ. ಅವುಗಳ ಭೇದವು ತಿಳಿಯುವುದು ನಿಂದೆ ಎದುರಾದಾಗ ಮತ್ತು ಶಿಷ್ಯರು ಬೆಳೆದು ನಿಂತಾಗ. ಅಕಾರ್ಡಿಯನ್ ವಾದ್ಯವನ್ನು ನುಡಿಸುವುದು, ಕಲಿಸುವುದು, ಪ್ರಸಾರ ಮಾಡುವುದು ಇವುಗಳಲ್ಲಿಯೇ ಬದುಕನ್ನು ಕಳೆದ ಡೆನ್ಮಾರ್ಕ್ ದೇಶದ ಮೊಗೆನ್ಸ್ ಎಲ್ಲೆಗಾರ್ಡ್ (1935–1995) ಅವರ ಜೀವನವು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

ಅಕಾರ್ಡಿಯನ್ ಎದೆಗೆ ತೂಗುಹಾಕಿಕೊಂಡು ನುಡಿಸುವ ತಿದಿಯ ವಾದ್ಯ. ತಿದಿಯ ಗಾಳಿಯು ಲೋಹದ ಸಣ್ಣ ನಾಲಗೆಗಳನ್ನು ಕಂಪಿಸಿದಾಗ ನಾದ ಹುಟ್ಟುತ್ತದೆ. ಭಜನೆಗಳಲ್ಲಿ ಬಳಕೆಯಾಗುವ ಹಾರ್ಮೋನಿಯಂ ಸಹ ಇದೇ ಕುಲಕ್ಕೆ ಸೇರಿದ್ದು. 1829ರಲ್ಲಿ ವಿಯೆನ್ನಾ ನಗರದ ಸಿರಿಲ್ ಡೆಮಿಯನ್ ಈ ಹೆಸರಿನ ವಾದ್ಯಕ್ಕೆ ಪೇಟೆಂಟ್ ಪಡೆದನು. ಹೊತ್ತೊಯ್ಯಲು ಸುಲಭವಾದ ಅದು ಮದುವೆ, ಕುಣಿತ, ಸಂತೆಗಳಲ್ಲಿ ಜನಪ್ರಿಯವಾಯಿತು. ಆ ಜನಪ್ರಿಯತೆಯೇ ಅದಕ್ಕೆ ಕಳಂಕವೂ ಆಯಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಿದ್ವಾಂಸರು ಬಹುಕಾಲ ಅದನ್ನು ಹೊರಗಿಟ್ಟರು. ಭಾರತದ ಆಕಾಶವಾಣಿಯೂ 1940ರಿಂದ ಸುಮಾರು ಮೂರು ದಶಕಗಳ ಕಾಲ ಹಾರ್ಮೋನಿಯಂಗೆ ಬಾಗಿಲು ಮುಚ್ಚಿದ್ದುದನ್ನು ಇಲ್ಲಿ ನೆನೆಯಬಹುದು.

ಅಕಾರ್ಡಿಯನ್ನಿಗೆ ಬಂದ ನಿಂದೆಯಲ್ಲಿ ಅಸಡ್ಡೆಯ ಜೊತೆಗೆ ಸತ್ಯಾಂಶವೂ ಇತ್ತು. ಸಾಮಾನ್ಯ ಅಕಾರ್ಡಿಯನ್ನಿನ ಎಡಗೈಯ ಅನೇಕ ಗುಂಡಿಗಳಲ್ಲಿ ಒಂದನ್ನು ಒತ್ತಿದರೆ ಹಲವು ಸ್ವರಗಳ ಸಿದ್ಧಮೇಳವೊಂದು ನುಡಿಯುತ್ತದೆ. ಕುಣಿತಕ್ಕೆ ಇದು ಬಹಳ ಅನುಕೂಲ. ಆದರೆ ವಾದಕನು ತನ್ನ ಸ್ವರಗಳನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳುತ್ತಾನೆ. ಗುಂಡಿಗೊಂದು ಸ್ವರ ನುಡಿಯುವ ಇನ್ನೊಂದು ಬಗೆಯ ವಾದ್ಯದಲ್ಲಿ ಈ ಕೊರತೆಯಿಲ್ಲ. ಎಲ್ಲೆಗಾರ್ಡ್ ಅವರು ಈ ಕಷ್ಟದ ವಾದ್ಯವನ್ನೇ ಆರಿಸಿಕೊಂಡರು. ಕೈಗೂಡಿದ ವಿದ್ಯೆಯನ್ನು ಬದಿಗಿರಿಸಿ ಪುನಃ ವಿದ್ಯಾರ್ಥಿಯಾಗುವುದು ಮಮಕಾರವುಳ್ಳವನಿಗೆ ಸಾಧ್ಯವಿಲ್ಲ. ತನ್ನ ಪ್ರಿಯವಸ್ತುವಿನಲ್ಲಿ ಕೊರತೆಯಿದೆ ಎಂದು ಒಪ್ಪಿಕೊಳ್ಳುವುದು ಪ್ರೀತಿಯ ಮೊದಲನೆಯ ಪರೀಕ್ಷೆ.

ಎರಡನೆಯ ಪರೀಕ್ಷೆಯು 1957ರಲ್ಲಿ ಬಂದಿತು. ಎಲ್ಲೆಗಾರ್ಡ್ ಅವರು ವಾದ್ಯವೃಂದದೊಡನೆ ಲಘು ಶೈಲಿಯ ಕೃತಿಯೊಂದನ್ನು ನುಡಿಸಿದರು. ಶ್ರೋತೃಗಳಲ್ಲಿದ್ದ ಸಂಗೀತರಚನಕಾರ ಓಲೆ ಶ್ಮಿತ್ ಅವರು, ವಾದ್ಯವು ಸೊಗಸಾದುದು, ಕೃತಿಯು ಮಾತ್ರ ತಮಗೆ ಹಿಡಿಸಲಿಲ್ಲವೆಂದು ಬಹಿರಂಗವಾಗಿಯೇ ನುಡಿದುಬಿಟ್ಟರು. ಇಪ್ಪತ್ತೆರಡರ ತರುಣನಿಗೆ ಕೋಪ ಬಂದದ್ದು ಸಹಜ. ಆದರೆ ಆ ಕೋಪವು ಜಗಳವಾಗಲಿಲ್ಲ. ಹಾಗಾದರೆ ಇದಕ್ಕಿಂತ ಉತ್ತಮವಾದುದನ್ನು ನೀವೇ ಏಕೆ ಬರೆಯಬಾರದು ಎಂಬ ಆಹ್ವಾನವಾಯಿತು. ಮರುವರ್ಷವೇ ಶ್ಮಿತ್ ಅವರು ಅಕಾರ್ಡಿಯನ್ ಮತ್ತು ವಾದ್ಯವೃಂದಕ್ಕೆ ಗಂಭೀರ ಕೃತಿಯೊಂದನ್ನು ರಚಿಸಿದರು. ಮುಂದೆ ಪೆರ್ ನೋರ್ಗೋರ್, ಆರ್ನೆ ನೂರ್ಡ್‌ಹೈಮ್ ಮೊದಲಾದ ಹೆಸರಾಂತ ರಚನಕಾರರೂ ಈ ವಾದ್ಯಕ್ಕಾಗಿ ಬರೆದರು. ನಿಂದಕನನ್ನು ಸಹಕಾರಿಯನ್ನಾಗಿ ಮಾಡಿಕೊಂಡ ಈ ವರ್ತನೆಯಲ್ಲಿ ಕ್ಷಮೆಗಿಂತಲೂ ಕಠಿಣವಾದ ಗುಣವಿದೆ. ಕ್ಷಮಿಸುವವನು ತಾನು ಸರಿಯೆಂದು ತಿಳಿದೇ ಇರಬಹುದು. ಆಹ್ವಾನಿಸುವವನು ನಿಂದಕನ ಮಾತು ನಿಜವಿರಬಹುದೆಂದು ಒಪ್ಪಬೇಕಾಗುತ್ತದೆ.

1970ರಲ್ಲಿ ಕೋಪನ್‌ಹೇಗನ್ನಿನ ರಾಯಲ್ ಡ್ಯಾನಿಷ್ ಸಂಗೀತ ಅಕಾಡೆಮಿಯಲ್ಲಿ ಅಕಾರ್ಡಿಯನ್ ವಿಭಾಗವು ಆರಂಭವಾಯಿತು. ಎಲ್ಲೆಗಾರ್ಡ್ ಅವರು ಅದರ ಮೊದಲ ಗುರುಗಳು, 1977ರಲ್ಲಿ ಪ್ರಾಧ್ಯಾಪಕರಾದರು. ಅವರ ಶಿಷ್ಯ ಓವೆನ್ ಮರ್ರೆ 1986ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಇಂತಹುದೇ ವಿಭಾಗವನ್ನು ತೆರೆದರು. ಇನ್ನೊಬ್ಬ ಶಿಷ್ಯ ಗೈರ್ ಡ್ರಾಗ್ಸ್‌ವೋಲ್ ಮುಂದೆ ಕೋಪನ್‌ಹೇಗನ್ನಿನಲ್ಲಿಯೇ ಪ್ರಾಧ್ಯಾಪಕರಾದರು. ತಾನೊಬ್ಬನೇ ಬಲ್ಲವನಾಗಿ ಉಳಿಯುವ ಆಸೆಯುಳ್ಳವನು ಇಂತಹ ಶಿಷ್ಯರನ್ನು ಬೆಳೆಸಲಾರ.

ಇಲ್ಲಿ ಆಕ್ಷೇಪವೊಂದು ಏಳಬಹುದು. ವಾದ್ಯದ ಕೀರ್ತಿಯನ್ನು ಬೆಳೆಸುವವನು ತನ್ನ ಕೀರ್ತಿಯನ್ನೂ ಬೆಳೆಸಿಕೊಳ್ಳುವುದಿಲ್ಲವೇ? ನಿಜ, ಈ ಎರಡು ನೂಲುಗಳನ್ನು ಪೂರ್ತಿಯಾಗಿ ಬಿಡಿಸಲಾಗದು. ಇನ್ನೊಂದು ಅಪಾಯವೂ ಉಂಟು. ವಾದ್ಯಕ್ಕೆ ಮಾನ್ಯತೆ ದೊರೆತ ಮೇಲೆ, ಅದನ್ನು ಅಷ್ಟು ಕಾಲ ಜೀವಂತವಾಗಿರಿಸಿದ ಮದುವೆಮನೆಯ, ಸಂತೆಯ ವಾದಕರನ್ನು ಕೀಳಾಗಿ ಕಾಣುವ ಪ್ರವೃತ್ತಿ ಬೆಳೆಯಬಹುದು. ತಾನು ಅನುಭವಿಸಿದ ತಿರಸ್ಕಾರವನ್ನು ಇನ್ನೊಬ್ಬರಿಗೆ ದಾಟಿಸುವುದು ಉನ್ನತಿಯಲ್ಲ. ವಿದ್ಯೆಯ ಹಿರಿಮೆಯನ್ನು ಸಾರುವವರೆಲ್ಲರೂ ಈ ವಿಷಯದಲ್ಲಿ ಎಚ್ಚರದಿಂದಿರಬೇಕು.

ಎಲ್ಲೆಗಾರ್ಡ್ ಅವರು ಅರವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗಾಗಿ ಬರೆದ ಕೃತಿಗಳನ್ನು ಇಂದು ಇತರರು ನುಡಿಸುತ್ತಿದ್ದಾರೆ. ಮಕ್ಕಳಿಗೆ ವಿದ್ಯೆ ಕಲಿಸುವ ಹಿರಿಯರೂ, ಸಂಸ್ಥೆಗಳನ್ನು ನಡೆಸುವವರೂ ತಮ್ಮನ್ನು ಕೇಳಿಕೊಳ್ಳಬೇಕಾದ ಮಾತು ಇಷ್ಟೇ: ನಾವಿಲ್ಲದಾಗಲೂ ಈ ಕೆಲಸ ನಡೆಯುವುದೇ? ನಡೆಯುವುದೆಂಬ ಭರವಸೆಯಿಂದ ಮನಸ್ಸಿಗೆ ಸಂತೋಷವಾದರೆ ಅದು ಪ್ರೀತಿ. ಅಳುಕುಂಟಾದರೆ ಅದು ಮಮಕಾರ.